ಕೋಳಿಗಳಿಗೆ ಮಾತ್ರ ಗೊತ್ತಿದ್ದ ಕನ್ನಡ

ಪೆಟಾಲಿಂಗ್ ಜಯಾ

ನಾನು ಮಲೇಷ್ಯಾಕ್ಕೆ ಹೊರಟದ್ದು ಮೂರು ವಾರದ ಮಟ್ಟಿಗೆ. ಮೈಸೂರಿಗೆ ವಾಪಸು ಬಂದಾಗ ಆಷಾಢ ಮುಗಿದು ಶ್ರಾವಣ ಕಾಲಿಟ್ಟಿತ್ತು. ನಡುವೆ ಆದದ್ದೇನು ಎಂದು ಯಾರಿಗೂ ಹೇಳಬೇಕಾಗಿಲ್ಲ. ಅದು ೨೦೨೦ನೇ ಇಸವಿ.

ತಂಗಿ ಉಷಾ ಮತ್ತು ಅವಳ ಗಂಡ ಪ್ರಕಾಶ ಇಬ್ಬರೂ ಸಾಫ್ಟ್‌ವೇರ್ ಕಂಪನಿಯವರು. ಕೌಲಾಲಂಪುರದ ಮಗ್ಗುಲಲ್ಲೇ ಇರುವ ಪೆಟಾಲಿಂಗ್ ಜಯಾದಲ್ಲಿ ಮನೆ ಮಾಡಿದ್ದಾರೆ. ಅಷ್ಟುದ್ದದ ಹೆಸರು ಹೇಳುವ ವ್ಯವಧಾನ ಅಲ್ಲಿ ಯಾರಿಗೂ ಇಲ್ಲ, ಎಲ್ಲರಿಗೂ ಅದು ‘ಪೀಜೇ’. ಅವರ ಮಗಳು ಅನಘಾ ನನ್ನ ಕನ್ನಡವನ್ನೆಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ‘ಊಟ ಆಯ್ತಾ ಪುಟ್ಟಿ?’ ಅಂದರೆ ‘ಡನ್, ದೊಡ್ಡಮ್ಮ.’ ದೊಡ್ಡಮ್ಮ ಅನ್ನುವುದೊಂದೇ ಅವಳ ಬಾಯಲ್ಲಿ ಉಳಿದಿದ್ದ ಕನ್ನಡ. ಅದನ್ನು ಕೇಳುವುದಕ್ಕೇ ನಾನು ಬೇಡದ ಪ್ರಶ್ನೆಗಳನ್ನೆಲ್ಲ ಕೇಳುತ್ತಿದ್ದೆ.

ಬಂದ ಮಾರನೆಯ ದಿನ ಉಷಾ ನನ್ನನ್ನು ಬೀದಿಯ ಕೊನೆಯ ಮಾಮಕ್ ಅಂಗಡಿಗೆ ಕರೆದುಕೊಂಡು ಹೋದಳು. ಮಾಮಕ್ ಎಂದರೆ ತಮಿಳು ಮುಸಲ್ಮಾನರ ಹೋಟೆಲು. ನಮ್ಮ ದರ್ಶಿನಿಗಳ ಹಾಗೆ ಗಲಗಲ ಅನ್ನುತ್ತಿರುತ್ತದೆ, ಆದರೆ ಇಲ್ಲಿ ಕೂತು ತಿನ್ನಬಹುದು. ಉಷಾ ಫೋನಿನಲ್ಲಿ ಮಾತಾಡುತ್ತಾ ಆಚೆ ನಿಂತಿದ್ದಳು. ಹುಡುಗ ಬಂದು ‘ತಪಾವ್?’ ಎಂದ. ನಾನು ‘ತಪ್ಪಾ?’ ಎಂದು ಕೇಳಿಸಿಕೊಂಡು, ಕೂತ ಜಾಗ ಸರಿಯಿಲ್ಲವೇನೋ ಎಂದು ಗಾಬರಿಯಾಗಿ, ಸುಮ್ಮನೆ ತಲೆ ಅಲ್ಲಾಡಿಸಿದೆ. ಸ್ವಲ್ಪ ಹೊತ್ತಿಗೆ ನನ್ನ ಟೀ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ, ಬಾಯಿಗೆ ದಾರ ಕಟ್ಟಿಸಿಕೊಂಡು ಬಂತು. ತಪಾವ್ ಎಂದರೆ ಪಾರ್ಸೆಲ್ ಅಂತೆ. ಬಿಸಿ ಟೀಯ ಆ ಚೀಲವನ್ನು ಜಾತ್ರೆಯಲ್ಲಿ ಕೊಂಡ ಮೀನಿನ ಮರಿಯಂತೆ ಎತ್ತಿ ಹಿಡಿದುಕೊಂಡು, ಮೇಜಿನ ಮುಂದೆ ಕೂತೇ, ಸ್ಟ್ರಾ ಹಾಕಿ ಕುಡಿದೆ. 

ಮಲಾಕ್ಕಾ, ಪೆನಾಂಗ್, ಬೆಟ್ಟದ ಮೇಲಿನ ಟೀ ತೋಟ ಎಂದು ಉಷಾ ಏನೇನೋ ಹಾಕಿಕೊಂಡಿದ್ದಳು. ಅಷ್ಟರಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಮನೆಗೊಬ್ಬರು ಮಾತ್ರ ಸಾಮಾನಿಗೆ ಹೋಗಬಹುದು ಎಂದಾಯಿತು. ಪ್ರಕಾಶ ಹೋಗಿ, ಕೊತ್ತಂಬರಿ ಎಂದುಕೊಂಡು ಸೆಲರಿ ತರುತ್ತಿದ್ದ. ಅಲ್ಲಿ ಸಾಲಿನಲ್ಲಿ ನಿಂತಿದ್ದ ಗಂಡಸರೆಲ್ಲ ಒಂದೊಂದು ಸೊಪ್ಪಿನ ಫೋಟೋ ತೆಗೆದು ಮನೆಗೆ ಕಳಿಸಿ, ‘ಇದಾ? ಇದಾ?’ ಎಂದು ಕೇಳುತ್ತಿದ್ದರಂತೆ. ನನಗೋ, ನೋಡಬೇಕೆಂದು ಬಂದ ಪರದೇಶದಲ್ಲಿ ನೋಡಲು ಸಿಕ್ಕದ್ದು ಮುಂದಿನ ಗೇಟು ಮತ್ತು ಹಿಂದಿನ ಗೋಡೆ.

ಹಿಂದಿನ ಗೋಡೆ

ಅಲ್ಲಿನ ಮನೆಗಳು ರೈಲಿನ ಬೋಗಿಗಳಂತೆ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ. ಹಿಂದೆ ಬಟ್ಟೆ ಒಣಹಾಕುವಷ್ಟು ಜಾಗ, ಪಕ್ಕದ ಮನೆಗೂ ನಮಗೂ ನಡುವೆ ತಲೆಯೆತ್ತರದ ಗೋಡೆ. ಒಂದು ಬೆಳಗ್ಗೆ ನಾನು ಬಟ್ಟೆ ಹರವುತ್ತಿದ್ದಾಗ ಗೋಡೆಯ ಆಚೆಯಿಂದ ಮಾತು ಕೇಳಿಸಿತು.

‘ಬಾ ಕೂಸೇ, ಉಣ್ಬಾ. ಎಲ್ಲೋಗಿದ್ದೆ ಇಷ್ಟೊತ್ಗಂಟ? ನೋಡು ಆ ಮಂಡೋರ, ಕೆಲ್ಸ ಇಲ್ಲ ಬೊಗಸೆ ಇಲ್ಲ, ಬರೀ ಕೂಗದೇ ಆಗೋಯ್ತು!’

ಕೈಯಲ್ಲಿದ್ದ ಲಂಗ ಕೆಳಗೆ ಬಿತ್ತು.

ನಾನು ದೂರವಾಣಿ ಇಲಾಖೆಯಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್‌ಗಳ ಕಾಲ. ಮದುವೆಯಾದ ಹೊಸತರಲ್ಲಿ ಕೆಲವು ವರ್ಷ ಕೊಳ್ಳೇಗಾಲದ ಎಕ್ಸ್‌ಚೇಂಜಿನಲ್ಲಿದ್ದೆ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಇಡೀ ದಿನ ಆ ಕಡೆಯವರ ಮಾತು ಕೇಳಿದ್ದೇನೆ. ‘ಕೂಸೇ’ ಅನ್ನುವಾಗ ಕೊನೆಯಲ್ಲಿ ಎಳೆಯುವ ಆ ರಾಗ ಬೇರೆಲ್ಲೂ ಇಲ್ಲ. ಅದು ಮಾದಪ್ಪನ ಬೆಟ್ಟದ ತಪ್ಪಲಿನ ರಾಗ. ಪೀಜೇಯಲ್ಲಿ, ಪಕ್ಕದ ಮನೆಯಲ್ಲಿ!

ಒಳಗೆ ಓಡಿ ಹೇಳಿದರೆ ಉಷಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. ‘ಅಕ್ಕ, ಪಕ್ಕದ ಮನೆಯವರು ತಮಿಳ್ರು. ಮಲ್ಲಿಕಾ ಟೀಚರ್ ಮತ್ತು ಅವರ ತಾಯಿ. ನಿಂಗೆ ಊರು ನೆನಪಾಗಿದೆ ಅಷ್ಟೆ.’

ಪ್ರಕಾಶ ಸಮಾಧಾನಕ್ಕೆ, ‘ಅತ್ತಿಗೆ, ಮೊದಲ ತಿಂಗಳು ನಂಗೂ ಇಲ್ಲಿ ಚೈನೀಸ್ ಎಲ್ಲ ತುಳು ಥರ ಕೇಳಿಸ್ತಿತ್ತು’ ಎಂದ.

ಮಾರನೆಯ ದಿನ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ, ಗೋಡೆಯ ಮೇಲಿಂದ ಇಣುಕಿದೆ. ಎಂಬತ್ತು ದಾಟಿದ ಒಬ್ಬ ಮುದುಕಿ, ಹೂವಿನ ಚಿತ್ತಾರದ ಬಾಟಿಕ್ ಸರೋಂಗು ಉಟ್ಟು, ಮೇಲೊಂದು ಬಿಳಿ ರವಿಕೆ ತೊಟ್ಟು, ನನ್ನ ಕಡೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಸುತ್ತ ಮೂರು ಹ್ಯಾಟೆ, ಒಂದು ಹುಂಜ. ಒಂದು ಕೆಂಪು ಹ್ಯಾಟೆಯ ಹತ್ತಿರ, ‘ಯಾಕ್ ಕೆಂಪಿ, ಇವತ್ತು ಮೊಖ ಸಪ್ಗೈತೆ?’ ಎಂದು ಕೇಳುತ್ತಿದ್ದಳು.

ನಾನು ತಡೆಯಲಾರದೆ ಅಂದೆ, ‘ರಾತ್ರಿ ನಿದ್ದೆ ಇಲ್ಲ ಕನವ್ವ, ಅದ್ಕೇ ಸಪ್ಗಿವ್ನಿ.’

ಮುದುಕಿ ಹಿಂದೆ ತಿರುಗಲಿಲ್ಲ. ಕೆಂಪಿಯನ್ನೇ ದಿಟ್ಟಿಸಿದಳು. ಕೋಳಿಯೇ ಉತ್ತರ ಕೊಟ್ಟಿತೆಂದು ಅವಳಿಗೆ ಅನಿಸಿತ್ತು! ಎರಡು ಕೈಯಲ್ಲೂ ಅದನ್ನು ಎತ್ತಿಕೊಂಡು, ಮುಖದ ಹತ್ತಿರ ತಂದು, ಪಿಸುದನಿಯಲ್ಲಿ ‘ಏನಂದೆ?’ ಎಂದಳು. ನನಗೆ ನಗು ಉಕ್ಕಿ ಬಂತು. ನಗುವಿಗೆ ಬಕೆಟ್ಟು ಜಾರಿತು. ಬಟ್ಟೆಯ ಸ್ಟ್ಯಾಂಡು, ಒಣಗಿದ ಬಟ್ಟೆ, ನಾನು, ಎಲ್ಲರೂ ಒಟ್ಟಿಗೆ ನೆಲಕ್ಕೆ ಬಂದೆವು.

ಮುಂದಿನ ಗೇಟು

ಸಂಜೆ ಮಲ್ಲಿಕಾ ಟೀಚರ್ ಮುಖಕ್ಕೆ ಮಾಸ್ಕು ಹಾಕಿಕೊಂಡು ಗೇಟಿನ ಹತ್ತಿರ ಬಂದರು. ಕೈಯಲ್ಲಿ ನೋವಿನೆಣ್ಣೆಯ ಸೀಸೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಹೆಚ್ಚುಕಡಿಮೆ ನನ್ನ ವಯಸ್ಸು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ, ನಡುನಡುವೆ ನನ್ನ ಮುರುಕು ತಮಿಳು. ಮಾತಿನ ಕೊನೆಗೊಂದು ‘ಲಾ’ ಸೇರಿಸುವುದು ಅಲ್ಲಿನವರ ರೂಢಿ.

‘ಏಟಾಯ್ತಾ ಅಕ್ಕಾ? ನಮ್ಮಮ್ಮ ಗಾಬರಿಯಾಗಿ ಬಿಟ್ಟಿದಾರೆ ಲಾ. ಕೋಳಿ ಮಾತಾಡ್ತು, ಆಮೇಲೆ ಗೋಡೆ ಆಚೆ ಏನೋ ಸಿಡೀತು ಅಂತಾರೆ.’

ನಾನು ವಿಷಯ ಹೇಳಿದೆ. ನಿಮ್ಮ ತಾಯಿ ಕೋಳಿಗಳ ಜೊತೆ ಆಡುವುದು ಕನ್ನಡ, ಅದು ನನ್ನ ಭಾಷೆ ಎಂದೆ. ಟೀಚರ್ ಜೋರಾಗಿ ನಕ್ಕರು.

‘ಅದು ಭಾಷೆನೇ ಅಲ್ಲ ಲಾ! ಅದು ಕೋಳಿ ಭಾಷೆ. ಮಕ್ಕಳ ಹತ್ತಿರ ತೊದಲೋ ಥರ, ತಮಿಳನ್ನೇ ಸೊಟ್ಟ ಮಾಡಿ ಕೋಳಿಗೆ ಹೇಳ್ತಾರೆ. ನಾನು ಚಿಕ್ಕವಳಿದ್ದಾಗಿಂದ ಕೇಳಿದೀನಿ. ನಮ್ಮ ಎಸ್ಟೇಟಿನಲ್ಲಿ ಎಲ್ಲರೂ ಅದಕ್ಕೆ ನಗ್ತಿದ್ರು.’

ಆಮೇಲೆ ತಮ್ಮ ಮನೆತನದ ಕಥೆ ಹೇಳಿದರು. ಟೀಚರ ಅಜ್ಜ ಅಜ್ಜಿ ಬ್ರಿಟಿಷರ ಕಾಲದಲ್ಲಿ ಹಡಗು ಹತ್ತಿ ಪೆರಾಕ್ ರಾಜ್ಯದ ರಬ್ಬರ್ ತೋಟಕ್ಕೆ ಬಂದವರು. ತಾಯಿ ಅಲ್ಲೇ ಹುಟ್ಟಿದ್ದು, ಅಲ್ಲೇ ರಬ್ಬರ್ ಹಾಲು ಇಳಿಸಿದ್ದು. ಮೂಲ ಊರು ಸೇಲಂ ಎಂದು ಕೇಳಿ, ಟೀಚರ್ ಒಮ್ಮೆ ರಜೆ ಹಾಕಿ ಸೇಲಂಗೇ ಹೋಗಿ ಹುಡುಕಿದ್ದರು. ಸುತ್ತಲ ಹಳ್ಳಿಗಳನ್ನೆಲ್ಲ ಅಲೆದರೂ ಯಾರೂ ಅವರನ್ನು ತಮ್ಮವರು ಅನ್ನಲಿಲ್ಲ. ‘ಒಂದು ಹಳ್ಳೀಲಿ ಎಳನೀರು ಕೊಟ್ಟು, ಪಾಪ ಫಾರಿನ್‌ನಿಂದ ಬಂದಿದಾರೆ ಅಂತ ಫೋಟೋ ತೆಗೆಸಿಕೊಂಡು ಕಳಿಸಿದ್ರು. ಅಷ್ಟೇ ಸಿಕ್ಕ ನೆಂಟಸ್ತನ’ ಎಂದರು. ನಗುತ್ತಲೇ ಹೇಳಿದರು. ಆದರೆ ಆ ನಗು ಗೇಟಿನ ಈಚೆಗೆ ಬರಲಿಲ್ಲ.

‘ತಾಯಿಯ ಹೆಸರೇನು?’ ಎಂದೆ.

‘ಗುರುತಿನ ಚೀಟೀಲಿ ಮಾತಮ್ಮಾ ಅಂತಿದೆ.’

‘ಮಾದಮ್ಮ’ ಎಂದೆ ನಾನು.

ಆಚೆ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮುದುಕಿ ಆ ಹೆಸರಿಗೆ ತಟ್ಟನೆ ತಲೆಯೆತ್ತಿದಳು. ನಾನು ಕನ್ನಡದಲ್ಲಿ, ‘ಚೆನ್ನಾಗಿದ್ದೀರಾ ಮಾದವ್ವ?’ ಎಂದು ಕೂಗಿದೆ. ಅವಳು ತಮಿಳಿನಲ್ಲಿ ‘ಎನಕ್ಕು ಒಣ್ಣುಮ್ ತೆರಿಯಾದು’, ನನಗೇನೂ ಗೊತ್ತಿಲ್ಲ ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೆಂಪಿಯ ಮಧ್ಯಸ್ಥಿಕೆ

ಪಾಟ್ಟಿ ನನ್ನ ಜೊತೆ ಮಾತಾಡಲೇ ಇಲ್ಲ. ಪಾಟ್ಟಿ ಎಂದರೆ ಅಜ್ಜಿ, ಆ ಓಣಿಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುವುದು. ನಾನು ಗೋಡೆಗೆ ಬಂದರೆ ಅವಳು ಮುಖ ತಿರುಗಿಸುವಳು. ಆದರೆ ಒಳಗೆ ಹೋಗುವುದಿಲ್ಲ. ಅಲ್ಲಿ ನನಗೊಂದು ಆಸೆ ಹುಟ್ಟಿತು. ನನಗಾದರೂ ಬೇರೆ ಕೆಲಸವೇನಿತ್ತು? ಉಷಾ, ಪ್ರಕಾಶ, ಅನಘಾ ಮೂವರೂ ಒಂದೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿಗೆ ಮಾತಾಡುತ್ತಿದ್ದರು. ನಾನು ಬಕೆಟ್ಟು ಬಿಟ್ಟು ಗಟ್ಟಿಯಾದ ಸ್ಟೂಲು ತಂದುಕೊಂಡು ಕೋಳಿಗಳಿಗೆ ಮಾತಾಡತೊಡಗಿದೆ.

‘ಕೆಂಪೀ, ಇವತ್ತು ನಮ್ಮನೇಲಿ ಮುದ್ದೆ, ಮಸ್ಸೊಪ್ಪು ಮಾಡಿವ್ನಿ.’

ಒಂದಷ್ಟು ದಿನ ಉತ್ತರವಿಲ್ಲ. ಆಮೇಲೊಂದು ಬೆಳಗ್ಗೆ ಪಾಟ್ಟಿ, ನನ್ನನ್ನು ನೋಡದೆ, ನುಚ್ಚು ಎರಚುತ್ತ ಅಂದಳು:

‘ಕೆಂಪೀ, ಕೇಳು ಅವ್ಳ್ನ. ಮುದ್ದೆಗೆ ಇಟ್ಟು ಎಲ್ಲಿ ಸಿಕ್ತು ಅಂತ.’

‘ಕೆಂಪೀ, ಹೇಳು. ಊರಿಂದ ತಂದಿವ್ನಿ ಅಂತ.’

‘ಯಾವೂರು ಅಂತ ಕೇಳು.’

‘ಮೈಸೂರು ಅನ್ನು.’

ಪಾಟ್ಟಿಯ ಕೈ ನಿಂತಿತು. ‘ಮೈಸೂರಾ’ ಎಂದು ತನಗೇ ಹೇಳಿಕೊಂಡಳು. ಆಮೇಲೆ ಕೆಂಪಿಗೆ ಬಹಳ ಗುಟ್ಟಿನ ದನಿಯಲ್ಲಿ, ‘ನಮ್ಮವ್ವ ಹೇಳ್ತಿದ್ದ ಮೈಸೂರು’ ಎಂದಳು.

ಅಂದಿನಿಂದ ನಮ್ಮಿಬ್ಬರ ಮಾತೆಲ್ಲ ಕೆಂಪಿಯ ಮೂಲಕ. ನಾನು ಮೈಸೂರವ್ವ. ನೇರವಾಗಿ ಕೇಳಿದರೆ ಪಾಟ್ಟಿಯ ಬಾಯಿ ಕಟ್ಟಿಬಿಡುವುದು, ಕೆಂಪಿಗೆ ಹೇಳಿದರೆ ಹರಿಯುವುದು. ಎಕ್ಸ್‌ಚೇಂಜಿನಲ್ಲಿ ಎಷ್ಟೋ ಜನರ ಮಾತನ್ನು ಜೋಡಿಸಿಕೊಟ್ಟವಳು ನಾನು. ಈಗ ನನ್ನ ಮಾತನ್ನು ಒಂದು ಹ್ಯಾಟೆ ಜೋಡಿಸುತ್ತಿತ್ತು. ಲೈನು ಒಮ್ಮೊಮ್ಮೆ ಕೈಕೊಡುತ್ತಿದ್ದುದೂ ಉಂಟು. ಕೆಂಪಿ ಮೊಟ್ಟೆಗೆ ಕೂತಿದ್ದ ದಿನ ಹುಂಜದ ಮೂಲಕ ಮಾತಾಡಿಸಲು ಹೋದೆ. ಪಾಟ್ಟಿ ಒಪ್ಪಲಿಲ್ಲ. ಹುಂಜಕ್ಕೆ ಅವಳು ಇಟ್ಟಿದ್ದ ಹೆಸರು ಮಂಡೋರ, ಎಂದರೆ ತೋಟದಲ್ಲಿ ಕೂಲಿಗಳ ಮೇಲೆ ಕೂಗಾಡುವ ಮೇಸ್ತ್ರಿ. ‘ಅವ್ನ ಮುಂದೆ ಏನೂ ಆಡ್ಬಾರ್ದು’ ಎಂದಳು.

ಹೀಗೆ ಚೂರುಚೂರಾಗಿ ಅವಳ ಅವ್ವನ ಕಥೆ ಬಂತು. ಅವ್ವ, ಅಪ್ಪ ಬೆಟ್ಟದ ತಪ್ಪಲಿನವರು. ಕೊಳ್ಳೇಗಾಲ ಆಗ ಮದರಾಸಿನ ಆಳ್ವಿಕೆಗೆ ಸೇರಿತ್ತು. ಹಾಗಾಗಿ ತೋಟಗಳಿಗೆ ಆಳು ಹಿಡಿಯುವ ಕಂಗಾಣಿಗಳು ಆ ಕಡೆಗೂ ಬರುತ್ತಿದ್ದರಂತೆ. ಒಬ್ಬ ಕಂಗಾಣಿ ಇವರನ್ನು ಕರೆದುಕೊಂಡು ಹೊರಟ. ಅವನು ಸೇಲಂನವರನ್ನು ತರುತ್ತೇನೆಂದು ದೊರೆಗೆ ಮಾತು ಕೊಟ್ಟಿದ್ದ. ‘ಕೇಳಿದ್ರೆ ಸೇಲಂ ಅನ್ನಿ, ತಮಿಳೇ ಆಡಿ, ಇಲ್ದಿದ್ರೆ ಹಡಗಿಂದ ಇಳಿಸ್ತಾರೆ’ ಎಂದಿದ್ದ. ಅಲ್ಲಿಂದ ಅವರು ಸೇಲಂನವರಾದರು. ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಯ ಒಳಗೆ, ಬಾಗಿಲು ಹಾಕಿಕೊಂಡು ಮಾತ್ರ, ಅವ್ವ ಮಗಳು ಕನ್ನಡ ಆಡುತ್ತಿದ್ದರು.

‘ಕೆಂಪೀ, ಕೇಳು. ನಿಮ್ಮವ್ವ ಊರಿನ ಹೆಸರು ಹೇಳಿರ್ಲಿಲ್ವಾ?’

ಪಾಟ್ಟಿ ಆ ದಿನ ಮೊದಲ ಸಲ ನಕ್ಕಳು. ಇದ್ದ ನಾಲ್ಕು ಹಲ್ಲೂ ಕಂಡವು.

‘ಹೇಳ್ನಿಲ್ಲ. ಹೇಳಿದ್ರೆ ಹುಡ್ಕೊಂಡ್ ಬತ್ತಾರೆ ಅಂತ ಸಾಯಗಂಟ ಭಯ ಅವ್ಳಿಗೆ. ಅವ್ರು ಓಡ್ಬಂದೋರು ಕನ ಕೆಂಪೀ! ಅವ್ಳ ಜಾತಿ ಬ್ಯಾರೆ, ನಮ್ಮಪ್ಪನ ಜಾತಿ ಬ್ಯಾರೆ. ಸಮುದ್ರ ದಾಟಿ ಯಾರು ಬತ್ತಾರೆ ಅಂದ್ರೆ, ನಮ್ಮಣ್ಣನ್ನ ನೀ ಕಂಡಿಲ್ಲ ಅನ್ನೋಳು.’

ನಾನು ಸ್ಟೂಲಿನ ಮೇಲೆ ನಿಂತೇ ಬಿದ್ದುಬಿದ್ದು ನಕ್ಕೆ. ಈ ಸಲ ಬೀಳಲಿಲ್ಲ ಅಷ್ಟೆ.

ಒಂದೇ ಒಂದು ವಾಕ್ಯ

ಇದನ್ನೆಲ್ಲ ನಾನು ಖುಷಿಯಾಗಿ ಗೇಟಿನಲ್ಲಿ ಟೀಚರಿಗೆ ಹೇಳಿದೆ. ಸೇಲಂನಲ್ಲಿ ಸಿಗದ ಬೇರು ಸಿಕ್ಕಿತಲ್ಲ, ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಟೀಚರ್ ಮಾಸ್ಕಿನ ಮೇಲಿನ ಎರಡು ಕಣ್ಣಲ್ಲೇ ನನ್ನನ್ನು ನೋಡುತ್ತ ನಿಂತರು.

‘ಓಡಿ ಬಂದವರಾ?’ ಎಂದರು ಕೊನೆಗೆ. ‘ನಾನು ನನ್ನ ಜೊತೆ ಕಲಿಸ್ತಿದ್ದ ಚೀನೀ ಮೇಷ್ಟ್ರನ್ನ ಮದುವೆ ಆದಾಗ ಅಮ್ಮ ಮದುವೆಗೇ ಬರಲಿಲ್ಲ. ಎಷ್ಟೋ ವರ್ಷ ಅವರ ಕೈಯಲ್ಲಿ ನೀರು ತಗೊಳ್ಳಲಿಲ್ಲ. ನನ್ನ ಗಂಡ ಲಿಮ್ ಒಂದು ದಿನಾನೂ ಬೇಜಾರು ಮಾಡ್ಕೊಳ್ಳಲಿಲ್ಲ. ತೀರಿಕೊಳ್ಳೋವರೆಗೂ ಅಮ್ಮನ ಕೋಳಿಗೂಡು ಅವರೇ ರಿಪೇರಿ ಮಾಡ್ತಿದ್ರು.’

ಟೀಚರ್ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡರು.

‘ಮತ್ತೆ ಈ ಭಾಷೆ. ನಾನು ಜೀವಮಾನವೆಲ್ಲ ಬೇರೆಯವರ ಮಕ್ಕಳಿಗೆ ಭಾಷೆ ಕಲಿಸಿದೀನಿ. ನಮ್ಮಮ್ಮ ನನಗೆ ಕೊಡದೇ ಇರೋದನ್ನ ಕೋಳಿಗೆ ಕೊಟ್ಟಿದಾರೆ.’

ಅಷ್ಟು ಹೇಳಿ ಹೋದವರು ಬಹಳ ದಿನ ಗೇಟಿಗೆ ಬರಲಿಲ್ಲ. ಪಾಟ್ಟಿಯೂ ಸಪ್ಪಗಾದಳು. ಒಳಗಡೆ ಏನೋ ಮಾತು ಆಗಿರಬೇಕು. ಉಷಾ ನನ್ನನ್ನು ಗದರಿದಳು. ‘ಅಕ್ಕ, ಪರದೇಶಕ್ಕೆ ಬಂದು ಅಕ್ಕಪಕ್ಕದವರ ಮನೆ ಒಡೀತಿದ್ದೀಯಲ್ಲ!’ ಕಂಡವರ ಮಾತು ಕದ್ದು ಕೇಳುವುದು ನನ್ನ ಕೆಲಸದ ಚಟ, ಕೇಳಿದ್ದನ್ನು ಆಡುವುದು ನನ್ನ ಸ್ವಂತದ್ದು.

ಮೇ ತಿಂಗಳು ಮುಗಿಯುವ ಹೊತ್ತಿಗೆ ಟೀಚರ್ ಮತ್ತೆ ಬಂದರು. ಮುನ್ನುಡಿ ಗಿನ್ನುಡಿ ಇಲ್ಲ.

‘ಅಕ್ಕಾ, ನನಗೆ ನಿಮ್ಮ ಭಾಷೆ ಕಲಿಯೋ ವಯಸ್ಸಲ್ಲ. ಒಂದೇ ಒಂದು ವಾಕ್ಯ ಕಲಿಸಿಕೊಡಿ. ಅಮ್ಮಾ, ನನಗೆ ಯಾಕೆ ಕಲಿಸಲಿಲ್ಲ ಅಂತ. ನಾನು ಅದನ್ನ ಅವರ ಭಾಷೇಲೇ ಕೇಳಬೇಕು.’

ಪುಸ್ತಕದ ಕನ್ನಡ ಬೇಡ ಎಂದು ಪಾಟ್ಟಿಯ ಧಾಟಿಯಲ್ಲೇ ಹೇಳಿಕೊಟ್ಟೆ: ‘ಅವ್ವಾ, ನಂಗ್ಯಾಕ್ ಕಲಿಸ್ನಿಲ್ಲ?’ ಟೀಚರಿಗೆ ‘ಸ್ನಿ’ ಬರುತ್ತಲೇ ಇರಲಿಲ್ಲ. ಅಭ್ಯಾಸ ಮಾಡಿ ಫೋನಿನಲ್ಲಿ ದನಿ ಕಳಿಸುವರು, ನಾನು ತಿದ್ದಿ ಕಳಿಸುವೆನು. ಅನಘಾ ಒಂದು ದಿನ ಅದನ್ನು ಕೇಳಿಸಿಕೊಂಡು, ‘ದೊಡ್ಡಮ್ಮ, ಹರ್ ಆಕ್ಸೆಂಟ್ ಈಸ್ ಬೆಟರ್ ದ್ಯಾನ್ ಮೈನ್’ ಎಂದಳು. ನನಗೂ ಹಾಗೇ ಅನಿಸಿತ್ತು, ಹೇಳಲಿಲ್ಲ.

ಬಿಡೋರ್

ಜೂನ್ ತಿಂಗಳಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬಹುದೆಂದಾಯಿತು. ಅದೇ ಸುಮಾರಿಗೆ ನನಗೆ ಸರ್ಕಾರದ ವಿಶೇಷ ವಿಮಾನದಲ್ಲಿ ಜುಲೈ ತಿಂಗಳಿಗೆ ಸೀಟು ಸಿಕ್ಕಿತು. ಹೊರಡಲು ಇನ್ನು ಕೆಲವೇ ದಿನಗಳಿದ್ದಾಗ ಪಾಟ್ಟಿ ಕೆಂಪಿಗೆ ಹೇಳಿದಳು, ‘ಮೈಸೂರವ್ವಂಗೆ ನಮ್ಮವ್ವನ್ನ ತೋರಿಸ್ಬೇಕು ಕನ.’ ಅವ್ವನನ್ನು ಮಣ್ಣು ಮಾಡಿದ ಜಾಗ ಪೆರಾಕ್‌ನ ಆ ಹಳೆಯ ತೋಟದಲ್ಲಿತ್ತು. ಟೀಚರ್ ತಮ್ಮ ಪುಟ್ಟ ಕಾರು ತೆಗೆದರು. ಪಾಟ್ಟಿ ಮುಂದೆ, ನಾನು ಹಿಂದೆ. ಉಷಾಗೆ ಆಫೀಸಿನ ಕೆಲಸ, ಬರಲಾಗಲಿಲ್ಲ.

ಇಷ್ಟು ತಿಂಗಳಿಗೆ ನಾನು ಮಲೇಷ್ಯಾ ನೋಡಿದ್ದು ಅಂದೇ. ಹೆದ್ದಾರಿಯ ಎರಡೂ ಕಡೆ ಎಣ್ಣೆತಾಳೆ, ಒಂದೇ ಎತ್ತರ, ಒಂದೇ ಸಾಲು, ಕವಾಯತಿಗೆ ನಿಲ್ಲಿಸಿದಂತೆ. ದಾರಿಬದಿಯ ತಂಗುದಾಣದಲ್ಲಿ ಕಾವಲಿನವನು ಜ್ವರ ಅಳೆಯುವ ಪಿಸ್ತೂಲನ್ನು ಪಾಟ್ಟಿಯ ಹಣೆಗೆ ಹಿಡಿದ. ಅವಳು ಎರಡೂ ಕೈ ಮೇಲೆತ್ತಿ ನಿಂತುಬಿಟ್ಟಳು. ಜಪಾನೀಯರು ಬಂದಿದ್ದ ಕಾಲದಲ್ಲಿ ಚಿಕ್ಕ ಹುಡುಗಿಯಾಗಿದ್ದಾಗ ಕಲಿತ ಅಭ್ಯಾಸವಂತೆ. ಕಾವಲಿನವನು ನಾಚಿ, ಯಂತ್ರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ‘ಸಾರಿ ನೆನೆಕ್, ಸಾರಿ ಅಜ್ಜಿ’ ಎಂದ.

ತೋಟದ ದಾರಿಯಲ್ಲಿ ಸಿಗುವ ಬಿಡೋರ್ ಎಂಬ ಊರು ಸೀಬೆಹಣ್ಣಿಗೆ ಹೆಸರುವಾಸಿ. ಒಂದೊಂದೂ ತೆಂಗಿನಕಾಯಿ ಗಾತ್ರ. ನಾವು ಉಪ್ಪು ಖಾರ ಹಚ್ಚುವ ಕಡೆ ಅವರು ಹುಳಿ ಸಿಹಿಯ ಕೆಂಪು ಪುಡಿ ಉದುರಿಸುತ್ತಾರೆ. ನಾನು ಪರ್ಸಿನಿಂದ ಚಟ್ನಿಪುಡಿಯ ಪೊಟ್ಟಣ ತೆಗೆದು ಹಚ್ಚಿಕೊಂಡೆ. ಅಂಗಡಿಯ ಚೀನೀ ಹೆಂಗಸು ಕೈಚಾಚಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ‘ಸೆಡಾಪ್!’ ರುಚಿಯಾಗಿದೆ ಎಂದಳು. ನೀರು ಕುಡಿದು ಮತ್ತೊಂದು ಚಿಟಿಕೆ ತೆಗೆದುಕೊಂಡಳು.

ಪಟ್ಟೆಯಜ್ಜ

ತೋಟದಲ್ಲಿ ಒಂದು ರಬ್ಬರ್ ಮರವೂ ಉಳಿದಿರಲಿಲ್ಲ. ಅಲ್ಲೂ ಎಣ್ಣೆತಾಳೆ. ಕೂಲಿಗಳ ಲೈನು ಮನೆಗಳಿದ್ದ ಕಡೆ ಹಾಳು ಬಿದ್ದ ಸಿಮೆಂಟು ಕಟ್ಟೆ. ಸ್ಮಶಾನಕ್ಕೆಂದು ಪಾಟ್ಟಿ ತೋರಿಸಿದ ಕಡೆ ಎದೆಯೆತ್ತರದ ಹುಲ್ಲು. ಗುರುತಿಗೆ ಒಂದು ಕಲ್ಲಿಲ್ಲ, ಒಂದು ಗಿಡವಿಲ್ಲ. ಪಾಟ್ಟಿ ಅಲ್ಲಿ ಇಲ್ಲಿ ಕೋಲು ಚುಚ್ಚಿ ನೋಡಿದಳು. ‘ಇಲ್ಲೇ ಇದ್ಲು’ ಎಂದಳು. ಸ್ವಲ್ಪ ಆಚೆ ಹೋಗಿ ಮತ್ತೆ ‘ಇಲ್ಲೇ ಇದ್ಲು’ ಎಂದಳು. ಟೀಚರ್ ಅವಳ ತೋಳು ಹಿಡಿದುಕೊಂಡರು.

ತೋಟದ ಕಾವಲುಗಾರ, ತಲೆಗೆ ಬಿಳಿ ಟೋಪಿಯಿಟ್ಟ ಮಲಯ ಮುದುಕ, ದೂರದಿಂದ ನಮ್ಮನ್ನು ನೋಡುತ್ತಿದ್ದವನು ಬಂದು ವಿಚಾರಿಸಿದ. ಟೀಚರ್ ಹೇಳಿದ್ದನ್ನು ಕೇಳಿ ಸ್ವಲ್ಪ ಯೋಚಿಸಿ, ‘ಗೋರಿ ನನಗೆ ಗೊತ್ತಿಲ್ಲ. ಆದರೆ ಆಗಿನವರ ಪಾಕ್ ಬೆಲಾಂಗ್ ಇದೆ, ನೋಡ್ತೀರಾ?’ ಎಂದ. ಟೀಚರ್ ನನಗೆ ಅರ್ಥ ಹೇಳಿದರು. ಮಲಯರು ಹುಲಿಯ ಹೆಸರೆತ್ತುವುದಿಲ್ಲ, ಪಾಕ್ ಬೆಲಾಂಗ್, ಪಟ್ಟೆಯಜ್ಜ ಅನ್ನುತ್ತಾರೆ.

ತೋಟದ ಅಂಚಿನಲ್ಲಿ, ದೊಡ್ಡ ಮರವೊಂದರ ಬುಡದಲ್ಲಿ, ತಗಡಿನ ಮಾಡು. ಅದರ ಕೆಳಗೆ ಗ್ಲಾಸಿನಲ್ಲಿ ಯಾರೋ ಇಟ್ಟ ಕಾಫಿ, ಚೀನೀಯರು ಹಚ್ಚಿದ ಊದುಕಡ್ಡಿ, ಒಣಗಿದ ಮಲ್ಲಿಗೆ ಹಾರ. ನಡುವೆ ಮೊಣಕೈಯುದ್ದದ ಒಂದು ಕರಿಕಲ್ಲು. ಬಗ್ಗಿ ನೋಡಿದೆ. ಒರಟು ಕೆತ್ತನೆ, ಮುಖ ಸವೆದಿದೆ. ಆದರೂ ಹುಲಿ ಸ್ಪಷ್ಟ. ಹುಲಿಯ ಬೆನ್ನ ಮೇಲೆ ಕೂತ ಜಡೆಯವನೂ ಸ್ಪಷ್ಟ.

ಕೊಳ್ಳೇಗಾಲದಲ್ಲಿ ಪ್ರತಿ ಅಂಗಡಿಯ ಗೋಡೆಯಲ್ಲೂ ಈ ಪಟ ನೋಡಿದ್ದೆ. ಹುಲಿಯೇರಿ ಬೆಟ್ಟ ಸುತ್ತುವ ಮಲೆಯ ಮಾದೇಶ್ವರ! ಊರ ಹೆಸರು ಬಚ್ಚಿಟ್ಟವರು, ಭಾಷೆ ಬಚ್ಚಿಟ್ಟವರು, ದೇವರನ್ನು ಮಾತ್ರ ಬಯಲಲ್ಲೇ ಕೂರಿಸಿ ಹೋಗಿದ್ದರು. ತಮಿಳರಿಗೆ ಅವನು ಅಯ್ಯಪ್ಪನಾಗಿ ಕಂಡಿದ್ದ, ಚೀನೀಯರಿಗೆ ಕಾಡಿನ ಯಜಮಾನನಾಗಿ, ಈ ಮಲಯ ಮುದುಕನಿಗೆ ಪಟ್ಟೆಯಜ್ಜನಾಗಿ. ಯಾರೂ ಅವನನ್ನು ಎತ್ತಿ ಆಚೆ ಹಾಕಿರಲಿಲ್ಲ.

ಪಾಟ್ಟಿ ನನ್ನನ್ನು ಸರಿಸಿ ಮುಂದೆ ಬಂದಳು. ಕಷ್ಟಪಟ್ಟು ಕೂತಳು. ಕೆಂಪಿಯ ಬೆನ್ನು ಸವರುವ ಹಾಗೆ ಹುಲಿಯ ಬೆನ್ನು ಸವರಿದಳು.

‘ಮಾದಪ್ಪಾ, ಇನ್ನೂ ಇಲ್ಲೇ ಇದ್ದಿಯಾ?’

ಆಮೇಲೆ, ಯಾವ ಕೋಳಿಯ ಹಂಗೂ ಇಲ್ಲದೆ, ನೇರವಾಗಿ ನನ್ನ ಮುಖ ನೋಡಿ ಹೇಳಿದಳು. ‘ನಮ್ಮವ್ವ ಇಲ್ಲೇ ದೀಪ ಅಚ್ತಿದ್ಲು. ನಮ್ ಮಾತಿನ ಮನೆ ಲೈನ್ನಲ್ಲಿ ನಾಕಾರು ಇದ್ದೋ. ಒಬ್ಬೊಬ್ರೇ ತಮಿಳ್ರಾಗೋದ್ರು. ಕೊನೇಗೆ ನಾನೊಬ್ಳು.’

ಟೀಚರ್ ಅವಳ ಪಕ್ಕದಲ್ಲಿ ಮಣ್ಣಿನ ಮೇಲೇ ಕೂತರು. ತಾಯಿಯ ಕಡೆ ತಿರುಗಿದರು. ಆ ಕ್ಷಣ ಬಂದಿತೆಂದು ನನಗೆ ಗೊತ್ತಾಯಿತು. ಪರೀಕ್ಷೆಗೆ ಮಗುವನ್ನು ಕಳಿಸಿದ ತಾಯಿಯ ಹಾಗೆ ನಾನು ಒಳಗೊಳಗೇ ‘ಸ್ನಿ, ಸ್ನಿ’ ಎಂದುಕೊಂಡೆ.

‘ಅವ್ವಾ,’ ಎಂದರು, ‘ನಂಗ್ಯಾಕ್ ಕಲಿಸ್ನಿಲ್ಲ?’

‘ಸ್ನಿ’ ಚೆನ್ನಾಗಿ ಬಂತು. ಪಾಟ್ಟಿ ಬೆಚ್ಚಿ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮಗಳನ್ನು. ಆಮೇಲೆ ಒಂದೇ ಸಮನೆ ಹೇಳತೊಡಗಿದಳು, ಕನ್ನಡದಲ್ಲೇ, ಮಗಳ ಕೈ ಹಿಡಿದುಕೊಂಡು. ಟೀಚರ್ ಕಣ್ಣರಳಿಸಿ ಕೇಳಿದರು. ಒಂದು ಅಕ್ಷರವೂ ಅವರಿಗೆ ಹತ್ತಲಿಲ್ಲ. ಪ್ರಶ್ನೆ ಕೇಳುವುದನ್ನು ಕಲಿಸಿದ್ದೆ. ಉತ್ತರ ಬಂದರೆ ಏನು ಮಾಡುವುದೆಂದು ನಾವಿಬ್ಬರೂ ಯೋಚಿಸಿರಲೇ ಇಲ್ಲ. ಪಾಟ್ಟಿ ಮುಗಿಸಿದ ಮೇಲೆ ಟೀಚರ್ ನನ್ನ ಕಡೆ ತಿರುಗಿದರು.

ಅವಳು ಹೇಳಿದ್ದು ಇದು: ‘ನಮ್ಮವ್ವ ನಂಗೆ ಕಲಿಸಿದ್ಲು. ಅವ್ಳು ಹೋದ್ಮೇಲೆ ಯಾರ್ ಜೊತೆ ಆಡ್ಲಿ? ಬಾಯೊಳ್ಗೆ ಇಟ್ಕಂಡು ಸುಮ್ಕೆ ಕೂತಿದ್ದೆ. ನಿಂಗೆ ಕಲಿಸಿದ್ರೆ ನಾನು ಹೋದ್ಮೇಲೆ ನೀನೂ ಹಂಗೇ ಕೂರ್ಬೇಕಾಗಿತ್ತು ಕೂಸೇ. ಕೋಳಿಗಾದ್ರೆ ಆ ತಾಪತ್ರ ಇಲ್ಲ. ಅವು ನನ್ಗಿಂತ ಮುಂಚೇನೇ ಹೋಯ್ತವೆ.’

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಟೀಚರ್ ತಾಯಿಯ ಮಡಿಲಿಗೆ ತಲೆ ಇಟ್ಟುಬಿಟ್ಟರು. ಕಾವಲಿನ ಮುದುಕ ಟೋಪಿ ಸರಿಮಾಡಿಕೊಳ್ಳುತ್ತ ಆಚೆ ಹೋಗಿ ನಿಂತ.

ಏಳುವ ಹೊತ್ತಿಗೆ ಪಾಟ್ಟಿ, ಏನೋ ಮರೆತಿದ್ದು ನೆನಪಾದವಳ ಹಾಗೆ, ‘ಆ ಲಿಮ್ಮು ಒಳ್ಳೇ ಹೈದ ಕನ’ ಎಂದಳು. ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಟೀಚರ್ ಅಳುತ್ತಲೇ ನಕ್ಕರು. ‘ಈಗ ಹೇಳ್ತಾರೆ ನೋಡಿ ಲಾ’ ಎಂದರು.

ಹೆದ್ದಾರಿ

ವಾಪಸು ಬರುವಾಗ ಮಳೆ ಹಿಡಿಯಿತು. ಅಲ್ಲಿನ ಮಳೆ ಮುನ್ಸೂಚನೆ ಕೊಡುವುದಿಲ್ಲ, ಬಾಗಿಲು ತಟ್ಟದೆ ಒಳಗೆ ನುಗ್ಗುವ ನೆಂಟರಂತೆ. ಟೀಚರ್ ಕಣ್ಣು ಇನ್ನೂ ಕೆಂಪಾಗಿತ್ತು, ಕಾರು ಸ್ವಲ್ಪ ಜೋರಾಗಿಯೇ ಹೋಗುತ್ತಿತ್ತು. ಮುಂದೆ ಒಂದು ಎಣ್ಣೆತಾಳೆ ಲಾರಿ.

ಊರ ಹೆಸರು ಸಿಗಲಿಲ್ಲ. ಇನ್ನು ಸಿಗುವುದೂ ಇಲ್ಲ. ಅಣ್ಣನಿಗೆ ಹೆದರಿದ ಆ ಹುಡುಗಿ ಅದನ್ನು ಅಷ್ಟು ಭದ್ರವಾಗಿ ನುಂಗಿಕೊಂಡು ಹೋಗಿದ್ದಳು. ನಾನು ಇದನ್ನೇ ಯೋಚಿಸುತ್ತ ಹಿಂದಿನ ಸೀಟಿನಲ್ಲಿ ಕೂತಿದ್ದಾಗ ಪಾಟ್ಟಿ ಕನ್ನಡದಲ್ಲೇ ಬಾಯಿ ತೆರೆದಳು.

‘ಏ ಮಲ್ಲೀ, ಅದ್ಯಾಕಂಗ್ ಓಡಿಸ್ತೀ? ಲಾರಿ ಹಿಂದ್ಗಡೆ ಹೋಗು. ನಿಧಾನ, ನಿಧಾನ. ಕಣ್ ಕಾಣ್ತದೋ ಇಲ್ವೋ ನಿಂಗೆ? ಇಂಗ್ ಓಡ್ಸಕೆ ಯಾರ್ ಹೇಳ್ಕೊಟ್ರು?’

ಟೀಚರ್ ಗೇರು ಇಳಿಸಿ, ಎಡಕ್ಕೆ ಸರಿದು, ಲಾರಿಯ ಹಿಂದೆ ಸೇರಿಕೊಂಡರು. ಪೀಜೇ ಮುಟ್ಟುವವರೆಗೂ ಪಾಟ್ಟಿ ಬೈಗುಳ ನಿಲ್ಲಿಸಲಿಲ್ಲ. ಟೀಚರ್ ಒಂದು ಸಲವೂ ಹಿಂದೆ ತಿರುಗಿ ನನ್ನನ್ನು ಅರ್ಥ ಕೇಳಲಿಲ್ಲ.